9ನೇ ತರಗತಿಗೆ ಮೈಸೂರಿಂದ ಕಲಬುರಗಿಗೆ: ಮಗಳಿಗೆ ಗೆಳತಿಯರು ಸಿಗಬೇಕಾದರೆ ಏನು ಮಾಡಬೇಕು?

ಮೈಸೂರಮ್ಮ

ವರ್ಗಾವಣೆಯಾಗಿ ಕಲಬುರಗಿಗೆ ಬರ್ತಿದ್ದೀವಿ. ಮನೆ ಸೇಡಂ ರಸ್ತೆ ಕಡೆ. ಮಗಳನ್ನ ಜೂನ್ ಮೊದಲ ವಾರ 9ನೇ ತರಗತಿಗೆ ಸೇರಿಸ್ತೀವಿ. ರಾಜ್ಯ ಪಠ್ಯಕ್ರಮವೇ, ಹಾಗಾಗಿ ಪಾಠದ ಚಿಂತೆ ಇಲ್ಲ. ಅವಳು ಮಾತು ಕಡಿಮೆ, ತಾನಾಗಿ ಹೋಗಿ ಯಾರನ್ನೂ ಮಾತಾಡಿಸಲ್ಲ. "ಎಲ್ಲರ ಜೊತೆ ಬೆರೀಬೇಕು", "ಧೈರ್ಯವಾಗಿರು" ಅನ್ನೋ ಸಲಹೆ ಬೇಡ, ಅದನ್ನ ನೆಂಟರೇ ಸಾಕಷ್ಟು ಕೊಟ್ಟಿದ್ದಾರೆ. ಮೊದಲ ತಿಂಗಳು ಯಾವಾಗ, ಯಾರ ಹತ್ರ, ಯಾವ ಮಾತಿಂದ ಶುರು ಮಾಡಬೇಕು ಅನ್ನೋದು ಬೇಕು. ಅಲ್ಲಿಯ ಕನ್ನಡವೂ ಅವಳಿಗೆ ಹೊಸದು.

ಕರಿಹಲಗೆ

8ಕ್ಕೆ ಸೇರಿದ್ದರೆ ಅರ್ಧ ಕೆಲಸ ತಾನೇ ಆಗಿಬಿಡುತ್ತಿತ್ತು. ನಮ್ಮ ರಾಜ್ಯದಲ್ಲಿ ಹೈಸ್ಕೂಲು ಶುರುವಾಗೋದೇ 8ರಿಂದ, ನಾಲ್ಕಾರು ಶಾಲೆಗಳಿಂದ ಬಂದ ಹೊಸಬರೇ ತರಗತಿ ತುಂಬ ಇರ್ತಾರೆ. 9ರ ಹೊತ್ತಿಗೆ ಗುಂಪುಗಳಿಗೆ ಒಂದು ವರ್ಷದ ವಯಸ್ಸು. ಹಾಗಂತ ಬಾಗಿಲು ಮುಚ್ಚಿದೆ ಅಂತಲ್ಲ. ಆ ಗುಂಪುಗಳು ಹುಟ್ಟಿದ್ದು ಎಲ್ಲಿ ಅಂತ ತಿಳಿದುಕೊಂಡರೆ ಸಾಕು. ತರಗತಿಯ ಒಳಗೆ ಹುಟ್ಟಿರೋದು ಕಡಿಮೆ. ಒಂದೇ ಆಟೋದಲ್ಲಿ ಬರೋರು, ಒಂದೇ ಟ್ಯೂಷನ್‌ಗೆ ಹೋಗೋರು, ಒಂದೇ ಓಣಿಯವರು ಒಟ್ಟಿಗೆ ಇರ್ತಾರೆ.

ಆದ್ದರಿಂದ ಮೊದಲ ಕೆಲಸ ನಿಮ್ಮದು, ಮಗಳದಲ್ಲ. ಟಿಸಿ ಕೊಡೋ ದಿನವೇ ಕ್ಲಾಸ್ ಟೀಚರ್ ಹತ್ತಿರ ಎರಡೇ ಮಾತು ಕೇಳಿ: "ಸೇಡಂ ರಸ್ತೆ ಕಡೆಯಿಂದ ಈ ತರಗತಿಗೆ ಯಾರು ಯಾರು ಬರ್ತಾರೆ? ಅವರಲ್ಲಿ ಒಬ್ಬರ ಪಕ್ಕ ಕೂಡಿಸ್ತೀರಾ?" ಜಾಣ ಹುಡುಗಿಯ ಪಕ್ಕ ಕೂಡಿಸಿ ಅಂತ ಕೇಳಬೇಡಿ. ತಂದೆತಾಯಿ ಸಾಮಾನ್ಯವಾಗಿ ಅದನ್ನೇ ಕೇಳ್ತಾರೆ, ಆದರೆ ಮೊದಲ ರ‍್ಯಾಂಕಿನ ಹುಡುಗಿಗೆ ಆಗಲೇ ನಾಲ್ಕು ಜನ ಅಂಟಿಕೊಂಡಿರ್ತಾರೆ. ಸಾಧಾರಣ ಓದಿನ, ಬಾಯಿ ಜೋರಿರುವ, ನಿಮ್ಮ ದಾರಿಯ ಹುಡುಗಿ ಸಿಕ್ಕರೆ ಅದೇ ಲಾಭ. ಮಾತು ಕಡಿಮೆ ಇರೋ ಮಕ್ಕಳಿಗೆ ಪಕ್ಕದಲ್ಲಿ ವಾಚಾಳಿ ಇರಬೇಕು. ಬೆಂಚು ಎರಡನೆಯದೋ ಮೂರನೆಯದೋ ಆಗಲಿ. ಮೊದಲ ಬೆಂಚಲ್ಲಿ ಕೂತರೆ ಬೆನ್ನ ಹಿಂದೆ ಏನು ನಡೀತಿದೆ ಅಂತ ಗೊತ್ತಾಗಲ್ಲ, ಕೊನೆ ಬೆಂಚು ಆಗಲೇ ಯಾರದೋ ಆಸ್ತಿ.

ಎರಡನೆಯದು ಪ್ರಯಾಣ. ಸಿಟಿ ಬಸ್ ಇರೋ ದಾರಿಯಾದರೆ ಬೈಕಲ್ಲಿ ಬಿಟ್ಟು ಬರಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹುಡುಗಿಯರಿಗೆ ಸಾರಿಗೆ ಬಸ್ಸು ಉಚಿತ. ಆಧಾರಲ್ಲಿ ಮೈಸೂರಿನ ವಿಳಾಸ ಇದ್ದರೂ ಕರ್ನಾಟಕದ್ದೇ ಆದ್ದರಿಂದ ನಡೆಯುತ್ತೆ. ಬಸ್ ಇಲ್ಲದಿದ್ದರೆ ಅದೇ ಶಾಲೆಯ ಮಕ್ಕಳು ಬರುವ ಆಟೋಗೆ ಸೇರಿಸಿ. ದಿನಕ್ಕೆ ಎರಡು ಸಲ ಅದೇ ಐದಾರು ಮುಖ ಕಾಣ್ತವೆ, ಟೀಚರ್ ಇಲ್ಲ, ಪಾಠ ಇಲ್ಲ. ಮಾತಾಡದ ಮಗುವಿಗೂ ಹತ್ತನೇ ದಿನಕ್ಕೆ ಇಂಥವಳು ಕಿಟಕಿ ಪಕ್ಕ ಕೂಡ್ತಾಳೆ, ಇಂಥವಳು ದಿನಾ ತಡ ಮಾಡ್ತಾಳೆ ಅಂತ ಗೊತ್ತಾಗಿರುತ್ತೆ. ಮಾತು ಅಲ್ಲಿಂದ ಹುಟ್ಟುತ್ತೆ.

ಮೂರನೆಯದು ಮಾತು ಶುರು ಮಾಡೋ ನೆಪ. ಹೆಸರು, ಅಪ್ಪನ ಕೆಲಸ ಕೇಳಿದರೆ ಎರಡು ಉತ್ತರಕ್ಕೆ ಮಾತು ಮುಗೀತು. ಕೆಲಸದ ಪ್ರಶ್ನೆ ಕೇಳಲಿ: "ಗಣಿತ ಎಲ್ಲೀತನಕ ಆಗಿದೆ? ಇವತ್ತೊಂದು ದಿನ ನೋಟ್ಸ್ ಕೊಡ್ತೀಯಾ?" ಎಲ್ಲಾ ನೋಟ್ಸನ್ನೂ ಒಬ್ಬಳ ಹತ್ತಿರವೇ ಕೇಳಬಾರದು. ಗಣಿತ ಒಬ್ಬಳಿಂದ, ವಿಜ್ಞಾನ ಇನ್ನೊಬ್ಬಳಿಂದ, ಸಮಾಜ ಮತ್ತೊಬ್ಬಳಿಂದ. ಮರುದಿನ ಬೆಳಿಗ್ಗೆ ಪ್ರಾರ್ಥನೆಗೆ ಮೊದಲೇ ವಾಪಸ್. ಇಲ್ಲಿ ಎಡವೋರು ಬಹಳ ಮಂದಿ: ಎರಡು ದಿನ ಇಟ್ಟುಕೊಂಡರೆ, ಅಥವಾ ಹಾಳೆ ಮಡಚಿ ಕೊಟ್ಟರೆ, "ಹೊಸಬಳಿಗೆ ಕೊಡಬ್ಯಾಡ" ಅನ್ನೋ ಮಾತು ಸಂಜೆಯೊಳಗೆ ತರಗತಿ ತುಂಬ ಹಬ್ಬಿರುತ್ತೆ.

ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಚಟುವಟಿಕೆಗಳಿಗೆ ಗುಂಪು ಮಾಡ್ತಾರಲ್ಲ, ಟೀಚರ್ ಹೆಸರು ಕರೆಯೋ ಹೊತ್ತಿಗೆ ಇವಳು ಯಾವುದಾದರೂ ಗುಂಪಲ್ಲಿ ಇರಬೇಕು. ಹಿಂದಿನ ದಿನವೇ ಪಕ್ಕದವಳಿಗೆ "ನಿಮ್ಮ ಗುಂಪಲ್ಲಿ ಜಾಗ ಇದ್ರೆ ನನ್ನ ಹೆಸರು ಬರೆಸು, ಚಾರ್ಟ್ ನಾನು ಬರೀತೀನಿ" ಅಂದಿಟ್ಟರೆ ಆಯ್ತು. ಚಾರ್ಟ್ ಬರೆಯೋಕೆ ಯಾರಿಗೂ ಇಷ್ಟ ಇರಲ್ಲ, ಬೇಡ ಅನ್ನೋರು ಸಿಗಲ್ಲ.

ಶೇಂಗಾ_ಹಿಂಡಿ

ಮ್ಯಾಲಿನವರು ಎಲ್ಲಾ ಹೇಳ್ಯಾರ, ಭಾಷಾದ್ದು ಬಿಟ್ಟಾರ. ನಿಮ್ಮ ಮಗಳಿಗಿ ಮೊದಲ ದಿನ ಭಾಳ ಒರಟ ಕೇಳಸ್ತದ್ರಿ ನಮ್ಮ ಮಾತು. "ಏ ಬಾರs ಇಲ್ಲಿ", "ಸರೀ ಅತ್ಲಾಗ", "ಯಾಕ್ ಸುಮ್ನ ಕುಂತೀ?" ಇವೆಲ್ಲ ಬೈಗುಳ ಅಲ್ಲ, ಸಲಿಗಿ. ಬೈಯೋದಿದ್ರ ದನಿ ಬ್ಯಾರೆ ಇರ್ತದ, ಒಂದ್ ವಾರದಾಗ ತಾನೇ ತಿಳಿತದ. ಸಾಲಿ ಅಂದ್ರ ಶಾಲೆ, ಸೂಟಿ ಅಂದ್ರ ರಜಾ, ಡಬ್ಬಿ ಅಂದ್ರ ಟಿಫನ್ ಬಾಕ್ಸ್, ನಿಂದ್ರು ಅಂದ್ರ ನಿಲ್ಲು. ಹಿಂಡಿ ಅಂದ್ರ ದನದ ಹಿಂಡಿ ಅಂತ ತಿಳೀಬ್ಯಾಡ್ರಿ, ಊಟಕ್ಕ ಹಚ್ಚಿಕೊಳ್ಳೋ ಚಟ್ನಿಪುಡಿ. ಆ ಒಂದು ಮಾತಿಗಿ ನಿಮ್ಮ ಕಡೆಯವರು ಮುಖ ಕಿವಚಿದ್ರ ಹುಡುಗ್ಯಾರು ವರ್ಷಪೂರ್ತಿ ನಗತಾರ.

ಇನ್ನೊಂದು, ಅಡ್ಡಹೆಸರು. ನಿಮ್ಮ ಕಡೆ ಇನಿಷಿಯಲ್, ಇಲ್ಲಿ ಎಲ್ಲಾರಿಗೂ ಅಡ್ಡಹೆಸರು ಇರ್ತಾವ. "ನಿನ್ ಅಡ್ಡಹೆಸರು ಏನ?" ಅಂತ ಮೊದಲ ದಿನಾನೇ ಕೇಳ್ತಾರ. ಜಾತಿ ಕೇಳ್ಲತ್ತಾರ ಅಂತ ಗಾಬರಿ ಆಗೋದು ಬ್ಯಾಡ. "ನಮ್ ಕಡೆ ಅಡ್ಡಹೆಸರು ಇಟ್ಕೊಳ್ಳಲ್ಲ, ಊರು-ಅಪ್ಪನ ಹೆಸರಿಂದ ಇನಿಷಿಯಲ್ ಅಷ್ಟೇ" ಅಂತ ನಕ್ಕೋತ ಹೇಳಿದ್ರ ಮುಗೀತು, ಅದರ ಮ್ಯಾಲೇ ಹತ್ತು ನಿಮಿಷ ಮಾತು ನಡೀತದ.

ನಮ್ಮ ಮಾತು ಕಲೀಲಿ, ಆದ್ರ ನಕಲ್ ಮಾಡಬಾರ್ದು. ಮೂರನೇ ದಿನಕ್ಕೇ "ಏನ್ ಮಾಡ್ಲತ್ತೀರಿ" ಅಂತ ಶುರು ಮಾಡಿದ್ರ ಚಾಷ್ಟಿ (ಅಣಕ) ಮಾಡ್ಲತ್ತಾಳ ಅಂತ ತಿಳ್ಕೋತಾರ. ತನ್ನ ಕನ್ನಡಾನೇ ಮಾತಾಡ್ಲಿ, ದೊಡ್ಡವರಿಗೆ ಮಾತ್ರ "ರೀ" ಹಚ್ಚಲಿ: ಹೌದ್ರಿ, ಬಂದೆರಿ, ಆಯ್ತ್ರಿ. ಆಟೋ ಕಾಕಾನಿಂದ ಹಿಡಿದು ಹೆಡ್ ಮಾಸ್ತರತನಕ ಎಲ್ಲರಿಗೂ ನಡೀತದ.

ತ್ರೋಬಾಲ್

ಆಟದ ಬಗ್ಗೆ ಯಾರೂ ಹೇಳಿಲ್ಲ. ಮಾತು ಕಡಿಮೆ ಇರೋ ಹುಡುಗಿಗೆ ಖೋ-ಖೋ ಒಳ್ಳೇದು. ಅಟ್ಟಿಸುವ ತಂಡದಲ್ಲಿ 8 ಜನ ಸಾಲಿನಲ್ಲಿ ಕೂಡ್ತಾರೆ, ಒಬ್ಬಳು ಓಡ್ತಾಳೆ. ಮೈದಾನಕ್ಕೇ 9 ಜನ ಬೇಕು, ಜೊತೆಗೆ ಬದಲಿ ಆಟಗಾರ್ತಿಯರು. ತಾಲೂಕು ಕ್ರೀಡಾಕೂಟದ ಮುಂಚೆ ಪಿಇ ಸರ್ ಸಂಖ್ಯೆ ತುಂಬಿಸಲು ಹುಡುಕ್ತಾನೇ ಇರ್ತಾರೆ. ಓಡೋಕೆ ಬರದಿದ್ದರೂ ಅಭ್ಯಾಸಕ್ಕೆ ಕೂಡಬಹುದು. ಓಡುವವಳು ಬೆನ್ನು ಮುಟ್ಟಿ "ಖೋ" ಅಂದರೆ ಏಳಬೇಕು, ಅಷ್ಟೇ ಮಾತು. ಇಲ್ಲಿ ಬಿಸಿಲು ಗೊತ್ತಲ್ಲ, ಅಭ್ಯಾಸ ಬೆಳಿಗ್ಗೆಯೇ ಇಡ್ತಾರೆ. ಒಂದು ಲೀಟರ್ ನೀರಿನ ಬಾಟಲಿ ಅವಳಿಗೇ ಸಾಲಲ್ಲ, ಎರಡು ಕಳಿಸಿ. ನೀರು ಕೇಳೋರು ಬಂದೇ ಬರ್ತಾರೆ. ಬಾಯಿ ಕಚ್ಚಿ ಕುಡೀಬಾರದು, ಎತ್ತಿ ಕುಡೀಬೇಕು. ಕಚ್ಚಿದ ಬಾಟಲಿ ಯಾರೂ ಮುಟ್ಟಲ್ಲ.

ಆಟ ಬೇಡ ಅಂದರೆ ಕಾರ್ಯಕ್ರಮಗಳಿವೆ. ಆಗಸ್ಟ್ 15 ಎಲ್ಲ ಕಡೆ ಇದ್ದದ್ದೇ, ಆದರೆ ಇಲ್ಲಿ ಸೆಪ್ಟೆಂಬರ್ 17 ಕೂಡ ಧ್ವಜ ಏರಿಸ್ತಾರೆ. 1948ರ ಆ ದಿನ ನಿಜಾಮನ ಆಳ್ವಿಕೆ ಕೊನೆಗೊಂಡು ಈ ಭಾಗಕ್ಕೆ ಬಿಡುಗಡೆ ಸಿಕ್ತು, ಅಂದರೆ ದೇಶಕ್ಕಿಂತ 13 ತಿಂಗಳು ತಡವಾಗಿ. ಮೈಸೂರಿನ ಹುಡುಗಿ "ಅದೇನು ಹಬ್ಬ?" ಅಂದರೆ ಬೇಜಾರಾಗ್ತಾರೆ, ಮುಂಚೆಯೇ ಹೇಳಿಕೊಟ್ಟಿರಿ. ಪ್ರತಿಭಾ ಕಾರಂಜಿಯಲ್ಲಿ ಕೋಲಾಟ, ಜಾನಪದ ನೃತ್ಯ, ಕವ್ವಾಲಿ ಗುಂಪಿನ ಸ್ಪರ್ಧೆಗಳು. ವೇದಿಕೆಯ ಐದು ನಿಮಿಷ ಮುಖ್ಯ ಅಲ್ಲ, ಅದಕ್ಕಿಂತ ಮುಂಚೆ ಶಾಲೆ ಬಿಟ್ಟ ಮೇಲೆ ವಾರಗಟ್ಟಲೆ ತಾಲೀಮು ನಡೆಯುತ್ತಲ್ಲ, ಅದು ಮುಖ್ಯ. ಭಾಷಣ, ಪ್ರಬಂಧದಂಥ ಒಬ್ಬರೇ ಮಾಡೋ ಸ್ಪರ್ಧೆಗೆ ಮೊದಲ ವರ್ಷ ಹೆಸರು ಕೊಡದಿದ್ದರೂ ನಡೆಯುತ್ತೆ.

ಮೈಸೂರಮ್ಮ

ಎಲ್ಲರಿಗೂ ಧನ್ಯವಾದ. ಅಡ್ಡಹೆಸರಿನ ವಿಷಯ ನಮಗೆ ಹೊಳೆದೇ ಇರಲಿಲ್ಲ. ಎರಡು ಪ್ರಶ್ನೆ ಉಳಿದಿವೆ. ಮೊದಲ ವಾರ ತರಗತಿಗೆಲ್ಲ ಚಾಕೊಲೇಟ್ ಹಂಚಿಸಬಹುದಾ, ಅಥವಾ ಮೂರ್ನಾಲ್ಕು ಜನರನ್ನ ಮನೆಗೆ ಊಟಕ್ಕೆ ಕರೀಬಹುದಾ? ಮತ್ತೆ, ರೇಗಿಸೋದು ಎಲ್ಲೀವರೆಗೆ ಸರಿ?

ಕರಿಹಲಗೆ

ಚಾಕೊಲೇಟ್ ಬೇಡ. ಹುಟ್ಟುಹಬ್ಬಕ್ಕೆ ಹಂಚಲಿ. ಮೊದಲ ವಾರವೇ ಹಂಚಿದರೆ ಕ್ಯಾಂಟೀನಲ್ಲಿ "ನೀನೇ ಕೊಡಿಸು" ಅನ್ನೋರು ಜೊತೆಯಾಗ್ತಾರೆ, ಕೈ ಖಾಲಿಯಾದ ದಿನ ಅವರೂ ಖಾಲಿ. ಬದಲಿಗೆ ಡಬ್ಬಿ ಸ್ವಲ್ಪ ದೊಡ್ಡದಿರಲಿ: ಅವಳ ಊಟದ ಮೇಲೆ ಇನ್ನಿಬ್ಬರಿಗೆ ನಾಲ್ಕು ನಾಲ್ಕು ತುತ್ತು. ನಿಮ್ಮ ಪುಳಿಯೋಗರೆ ಇಲ್ಲಿ ಬೇಗ ಖರ್ಚಾಗುತ್ತೆ. ಅವರು ರೊಟ್ಟಿ, ಪುಂಡಿಪಲ್ಯ ಕೊಟ್ಟಾಗ ತಗೋಬೇಕು. ಕೊಟ್ಟು ತಗೊಳ್ಳದಿದ್ದರೆ ಸೊಕ್ಕು ಅಂತಾರೆ. ಯಾರಾದರೂ ಬೇಡ ಅಂದರೆ ಒತ್ತಾಯ ಮಾಡಬಾರದು, ಕಾರಣವನ್ನೂ ಕೇಳಬಾರದು. ವ್ರತ ಇರಬಹುದು, ರೋಜಾ ಇರಬಹುದು, ಮನೆಯ ಪದ್ಧತಿ ಇರಬಹುದು. ಮನೆಗೆ ಕರೆಯೋದು ಮೊದಲ ಪರೀಕ್ಷೆ ಆದಮೇಲೆ. ಮೂರ್ನಾಲ್ಕು ಜನ ಬೇಡ, ಒಬ್ಬಳು ಸಾಕು. ಅದೂ ಅವಳ ಅಮ್ಮನಿಗೆ ನೀವೇ ಫೋನ್ ಮಾಡಿ.

ರೇಗಿಸೋದು: ಮಾತಿನ ರಾಗಕ್ಕೆ ನಕ್ಕರೆ, "ಮೈಸೂರ್ ಪಾಕ್" ಅಂತ ಕರೆದರೆ ಎರಡು ವಾರ ಬಿಟ್ಟುಬಿಡಿ, ಅವಳೂ ನಗಲಿ. ಆ ಅಡ್ಡಹೆಸರು ಬೇಗ ಹೋಗಬೇಕಾದರೆ "ನಮ್ಮ ಮೈಸೂರಲ್ಲಿ ಹಿಂಗಿಲ್ಲ" ಅನ್ನೋ ಮಾತು ಬಾಯಿಗೆ ಬರಬಾರದು, ಆ ಹೆಸರಿಗೆ ಗೊಬ್ಬರವೇ ಅದು. ಆದರೆ ಪುಸ್ತಕ ಬಚ್ಚಿಡೋದು, ದುಡ್ಡು ಕೇಳೋದು, ಕೈ ಮಾಡೋದು, ಯಾರೂ ಅವಳ ಜೊತೆ ಮಾತಾಡಬಾರದು ಅಂತ ಕಟ್ಟು ಹಾಕೋದು ನಗೋ ವಿಷಯ ಅಲ್ಲ. ದಿನ, ಹೊತ್ತು, ಏನಾಯ್ತು ಅಂತ ಬರೆದಿಟ್ಟು ಕ್ಲಾಸ್ ಟೀಚರ್‌ಗೆ ಹೇಳಿ, ಒಂದು ವಾರದಲ್ಲಿ ನಿಲ್ಲದಿದ್ದರೆ ಮುಖ್ಯಗುರುಗಳಿಗೆ ಬರಹದಲ್ಲಿ ಕೊಡಿ. ಆ ಹುಡುಗಿಯ ಮನೆಗೆ ನೇರವಾಗಿ ಹೋಗಬೇಡಿ, ಓಣಿಯ ಜಗಳ ಆಗುತ್ತೆ. ಮಕ್ಕಳ ಸಹಾಯವಾಣಿ 1098 ಅವಳಿಗೂ ಗೊತ್ತಿರಲಿ.

ಶೇಂಗಾ_ಹಿಂಡಿ

ಡಿಸೆಂಬರ್-ಜನವರಿ ಸುಮಾರಿಗಿ ಎಳ್ಳಮಾಸಿ, ಅಂದ್ರ ಎಳ್ಳ ಅಮಾವಾಸ್ಯೆ, ಬರ್ತದ. ಹೊಲ ಇದ್ದವರೆಲ್ಲ ಚರಗ ಚೆಲ್ಲಾಕ (ಭೂಮಿತಾಯಿಗಿ ಪೂಜಾ ಮಾಡಿ ಹೊಲದಾಗ ಎಡಿ ಚೆಲ್ಲೋದು) ಹೋಗ್ತಾರ, ಗೆಳತ್ಯಾರನ್ನೂ ಕರೀತಾರ. "ನಮ್ ಹೊಲಕ್ಕ ಬಾ" ಅಂತ ಯಾರರೆ ಅಂದ್ರ ಕಳಸ್ರಿ, ಪರೀಕ್ಷಾ ಅದ ಅಂತ ನೆವ ಹೇಳಬ್ಯಾಡ್ರಿ. ಸಜ್ಜಿ ಕಡುಬು, ಭಜ್ಜಿ ಉಣ್ಣಾಕ ಕೊಡ್ತಾರ, ಹೊಟ್ಟಿ ಖಾಲಿ ಇಟ್ಕೊಂಡು ಹೋಗ್ಲಿ. ಬಿಳಿ ಬಟ್ಟಿ, ಹೊಸಾ ಬೂಟು ಬ್ಯಾಡ. ಕರಿಮಣ್ಣು ಹತ್ತಿದ್ರ ಹೋಗಂಗಿಲ್ಲ.