ನಾಯಿ ವಿಪರೀತ ನೀರು ಕುಡಿಯುತ್ತಿದೆ, ಸಕ್ಕರೆ ಕಾಯಿಲೆನಾ?

ಪ್ರಶ್ನೆ: ದಾವಣಗೆರೆಯಲ್ಲಿದ್ದೇವೆ. 9 ವರ್ಷದ ಹೆಣ್ಣು ನಾಯಿ, ಮರಿ ಆಗದ ಹಾಗೆ ಮಾಡುವ ಆಪರೇಷನ್ ಆಗಿಲ್ಲ. 20 ಕೆ.ಜಿ. ಇದ್ದದ್ದು 17ಕ್ಕೆ ಇಳಿದಿದೆ, ಆದರೆ ಅನ್ನ-ಮೊಟ್ಟೆ ಗಬಗಬ ತಿನ್ನುತ್ತೆ. ಉಚ್ಚೆ ಹೊಯ್ದ ಜಾಗಕ್ಕೆ ಇರುವೆ ಮುತ್ತುತ್ತವೆ. ಬಿಸಿಲಿಗೆ ಬಾಯಾರಿಕೆ ಇರಬಹುದಾ?

ಉತ್ತರ 1: ಬಿಸಿಲಿಗೆ ಬಾಯಾರಿಕೆ ಹೆಚ್ಚುತ್ತೆ ಸರ್, ಆದರೆ ತಿಂದೂ ತೂಕ ಇಳಿಯಲ್ಲ. ನೀರನ್ನು ಅಳೆದು ಇಡಿ, 24 ಗಂಟೆ ಬಿಟ್ಟು ಉಳಿದದ್ದನ್ನು ಅಳೆಯಿರಿ. ಕೆ.ಜಿ.ಗೆ 100 ಮಿಲಿ, ಅಂದರೆ ನಿಮ್ಮದಕ್ಕೆ 1.7 ಲೀಟರ್ ದಾಟಿದರೆ ಅದು ಕಾಯಿಲೆಯ ಲಕ್ಷಣ. ಉಚ್ಚೆ ಜಾಸ್ತಿ ಅಂತ ನೀರು ಮಾತ್ರ ಕಡಿಮೆ ಮಾಡಬೇಡಿ. ರಕ್ತದಲ್ಲಿ ಸಕ್ಕರೆ ಸುಮಾರು 180–200 mg/dL ದಾಟಿದಾಗ ಮೂತ್ರಪಿಂಡಕ್ಕೆ ತಡೆಯಲಾಗದೆ ಅದು ಉಚ್ಚೆಗೆ ಇಳಿಯುತ್ತೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತೆ. ಇರುವೆ ಬರೀ ಸುಳಿವು. ಬೆಳಗಿನ ಉಚ್ಚೆಯನ್ನು ಸೌಟಿನಲ್ಲಿ ಹಿಡಿದು, ಮೆಡಿಕಲ್ ಶಾಪಿನ ಗ್ಲೂಕೋಸ್-ಕೀಟೋನ್ (ದೇಹ ಸಕ್ಕರೆ ಬದಲು ಕೊಬ್ಬು ಕರಗಿಸಿದಾಗ ಬರುವ ವಸ್ತು) ಪಟ್ಟಿ ಅದ್ದಿ ನೋಡಿ.

ಉತ್ತರ 2: ಕಣ್ಣನ್ನೂ ನೋಡಿ. ಪಾಪೆಯೊಳಗೆ ಗಂಜಿತಿಳಿಯಂಥ ಬಿಳುಪು ಕಂಡರೆ ಪೊರೆ ಬರುತ್ತಿದೆ. ಸಕ್ಕರೆ ಕಾಯಿಲೆಯ ನಾಯಿಗಳಲ್ಲಿ ಇದು ಬೇಗ ಬಲಿಯುತ್ತೆ.

ಉತ್ತರ 3: ಆಪರೇಷನ್ ಆಗಿಲ್ಲ ಅಂದಿರಲ್ಲ, ಅದೇ ಮುಖ್ಯ. ಬೆದೆ ಮುಗಿದ ಮೇಲಿನ ಎರಡು ತಿಂಗಳು ಪ್ರೊಜೆಸ್ಟರಾನ್ ಅನ್ನೋ ಹಾರ್ಮೋನ್ ಏರಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡಲ್ಲ. ಗರ್ಭಕೋಶದಲ್ಲಿ ಕೀವು ತುಂಬಿದರೂ ಹೀಗೇ ನೀರು ಕುಡಿಯುತ್ತೆ, ಹಾಗಾಗಿ ರಕ್ತಪರೀಕ್ಷೆ ಜೊತೆ ಸ್ಕ್ಯಾನಿಂಗೂ ಕೇಳಿ. ವಾಂತಿ, ಊಟ ಬಿಡುವುದು, ಪಟ್ಟಿಯಲ್ಲಿ ಕೀಟೋನ್ – ಇವು ಕಂಡರೆ ಅವತ್ತೇ ಪಶುವೈದ್ಯರ ಹತ್ತಿರ ಓಡಿ. ಮನೆಯಲ್ಲಿರುವ ಮನುಷ್ಯರ ಸಕ್ಕರೆ ಮಾತ್ರೆ ಕೊಡಬೇಡಿ. ನಾಯಿಗೆ ಬೇಕಾಗುವುದು ಇನ್ಸುಲಿನ್, ಸಾಮಾನ್ಯವಾಗಿ 12 ಗಂಟೆಗೊಮ್ಮೆ, ಊಟದ ಜೊತೆ.