ಕ್ರಿಸ್‌ಮಸ್‌ಗೆ ಮುಂಚೆ ಓದು, ಕೇಳು ಎಲ್ಲ ಹೇಗೆ ನಿಭಾಯಿಸ್ತೀರಿ? ಅನುಭವ ಹೇಳಿ

ಮಡಿಸಿದ ಪುಟ (ಡಿಸೆಂಬರ್ 8)
ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಿಂದ ಒಂದು ಪುಸ್ತಕವೂ ಪೂರ್ತಿ ಆಗಿಲ್ಲ. ಆರುನೂರು ಪುಟದ ಕಾದಂಬರಿ, 212ನೇ ಪುಟಕ್ಕೆ ನಿಂತಿದೆ. ಆಫೀಸಿನಲ್ಲಿ ವರ್ಷದ ಕೊನೆಯ ಲೆಕ್ಕ. ಮನೆಗೆ ಬಂದು, ಮಗೂನ ಮಲಗಿಸಿ, ಪಾತ್ರೆ ತೊಳೆದು ಪುಸ್ತಕ ಹಿಡಿಯೋ ಹೊತ್ತಿಗೆ ಹತ್ತೂವರೆ. ಎರಡು ಪುಟಕ್ಕೆ ಕಣ್ಣು ಎಳೆಯುತ್ತೆ, ಮರುದಿನ ಅದೇ ಎರಡು ಪುಟ ಮತ್ತೆ ಓದ್ತೀನಿ. ಕ್ರಿಸ್‌ಮಸ್ ಒಳಗೆ ಹೇಗಾದ್ರೂ ಇದನ್ನೇ ಮುಗಿಸಲಾ, ಬಿಟ್ಟು ಚಿಕ್ಕದೇನಾದ್ರೂ ಹಿಡಿಯಲಾ, ಇಲ್ಲ ಪಾತ್ರೆ ತೊಳೆಯೋವಾಗ ಆಡಿಯೋ ಹಾಕ್ಕೊಳ್ಳಲಾ?

ದಿನಕ್ಕೊಂದು ಅಧ್ಯಾಯ
ನಂದು ಹೇಳ್ತೀನಿ. ಜನವರಿ 1ಕ್ಕೆ ಟಾಲ್‌ಸ್ಟಾಯ್ ಅವರ ‘ಯುದ್ಧ ಮತ್ತು ಶಾಂತಿ’ ಹಿಡಿದೆ. ಒಟ್ಟು 361 ಅಧ್ಯಾಯ, ದಿನಕ್ಕೊಂದು. ತಪ್ಪಿಸದೆ ಓದಿದ್ರೆ ಡಿಸೆಂಬರ್ 27ಕ್ಕೆ ಮುಗೀಬೇಕು. ಮಾರ್ಚ್‌ವರೆಗೆ ಒಂದು ದಿನವೂ ತಪ್ಪಲಿಲ್ಲ. ಏಪ್ರಿಲ್‌ನಲ್ಲಿ ಜ್ವರ, ಒಂಬತ್ತು ದಿನ ಹೋಯ್ತು. ಜೂನ್‌ನಲ್ಲಿ ಮನೆ ಬದಲಾಯಿಸಿದ್ವಿ. ಪುಸ್ತಕ ಯಾವ ಪೆಟ್ಟಿಗೆ ಸೇರಿತ್ತೋ ಸಿಗದೆ ಹದಿನಾಲ್ಕು ದಿನ. ಆಗಸ್ಟ್ ಕೊನೆಗೆ ಬೊರೊಡಿನೊ ಯುದ್ಧದ ಭಾಗಕ್ಕೆ ಬಂದೆ. ಅಷ್ಟು ಸಾವು ಓದಿ ಮನಸ್ಸು ಕುಗ್ಗಿ ಹೋಯ್ತು, ಅಲ್ಲಿಂದ ಹದಿನೆಂಟು ದಿನ ಮುಟ್ಟಲೇ ಇಲ್ಲ. ತಪ್ಪಿದ ದಿನಕ್ಕೊಂದರಂತೆ ಹಿಂದಿನ ರಟ್ಟಿನ ಒಳಗೆ ಪೆನ್ಸಿಲ್ ಗೆರೆ ಹಾಕಿದ್ದೀನಿ, ಐದೈದರ ಕಟ್ಟು. ಎಂಟು ಕಟ್ಟು, ಮೇಲೊಂದು ಗೆರೆ. ಇವತ್ತು 301 ಮುಗೀತು. 24ರೊಳಗೆ ಮುಗಿಸಬೇಕು ಅಂದ್ರೆ ಹದಿನಾರು ದಿನಕ್ಕೆ ಅರವತ್ತು. ಕೊನೆಯ 12 ಅಧ್ಯಾಯದಲ್ಲಿ ಕಥೆಯೇ ಇಲ್ಲ, ಇತಿಹಾಸ ಯಾರಿಂದ ನಡೆಯುತ್ತೆ ಅನ್ನೋ ವಾದ. ಅದನ್ನೂ ಬಿಡಲ್ಲ. ನೀವೂ ಬಿಡಬೇಡಿ. ಅರ್ಧಕ್ಕೆ ಬಿಟ್ಟ ಪುಸ್ತಕ ಮುಂದಿನ ಪುಸ್ತಕಾನೂ ಓದೋಕೆ ಬಿಡಲ್ಲ.

ಒಂಟಿ ಕಿವಿ
ಅಯ್ಯೋ, ಆಡಿಯೋ ಹಾಕ್ಕೊಳ್ಳಿ ಅಕ್ಕ, ಎರಡನೇ ಯೋಚನೆ ಬೇಡ. ಓದಿ ಹೇಳೋರು ನಿಮಿಷಕ್ಕೆ ಸುಮಾರು ನೂರೈವತ್ತು ಪದ ಓದ್ತಾರೆ. ಡಿಕನ್ಸ್ ಅವರ ‘ಎ ಕ್ರಿಸ್‌ಮಸ್ ಕ್ಯಾರೊಲ್’ ಮೂರು ಗಂಟೆ ಚಿಲ್ಲರೆ, ಅಷ್ಟೇ. ಇರೋದೇ ಐದು ಅಧ್ಯಾಯ. 1843ರ ಡಿಸೆಂಬರ್ 19ಕ್ಕೆ ಹೊರಬಂದ ಪುಸ್ತಕ ಅದು, ಹಬ್ಬಕ್ಕೆ ಆರು ದಿನ ಇದ್ದಾಗ. ಐದು ರಾತ್ರಿ ಪಾತ್ರೆ ತೊಳೆಯೋದ್ರಲ್ಲಿ ನಂದು ಮುಗೀತು. ನವೆಂಬರ್‌ನಲ್ಲಂತೂ ಏಳು ಪುಸ್ತಕ ಕೇಳಿದೆ, ಒಂದೂವರೆ ವೇಗದಲ್ಲಿ. ಒಂದು ಎಚ್ಚರಿಕೆ: ಎರಡನೇ ರಾತ್ರಿ ಎಡಗಿವಿಯ ಇಯರ್‌ಬಡ್ ಜಾರಿ ಸಿಂಕಿಗೆ ಬಿತ್ತು. ನೊರೆಯೊಳಗೆ ಕೈ ಹಾಕಿ ತಡಕಾಡಿದೆ, ಸಿಕ್ಕಿದ್ದು ಚಮಚ. ಅದು ಸಿಗೋ ಹೊತ್ತಿಗೆ ಸತ್ತಿತ್ತು. ಅಕ್ಕಿ ಡಬ್ಬಿಯಲ್ಲಿ ಎರಡು ದಿನ ಹೂತಿಟ್ಟೆ, ಹೇರ್ ಡ್ರೈಯರ್ ಹಿಡಿದೆ, ಆಮೇಲೆ ಒಂದು ವಾರ ಬಿಸಿಲಿಗಿಟ್ಟೆ. ಉಸಿರಿಲ್ಲ. ಒಂದು ಬದಿಯದು ಮಾತ್ರ ಬಿಡಿಯಾಗಿ ಕೊಡಲ್ಲ ಅಂದ್ರು. ಬಾಕಿ ಮೂರು ರಾತ್ರಿ ಬಲಗಿವಿ ಒಂದರಲ್ಲೇ ಕೇಳಿದ್ದು.

ಕಾಗದವೇ ಸರಿ
ಏಳು ಪುಸ್ತಕ ‘ಕೇಳಿದೆ’ ಅನ್ನಿ, ಸರಿ. ಅದನ್ನು ಓದಿನ ಲೆಕ್ಕಕ್ಕೆ ಸೇರಿಸಬೇಡಿ. ನಾನೂ ಎರಡು ವರ್ಷ ಅದೇ ಮಾಡಿದೆ. ಕಳೆದ ಕ್ರಿಸ್‌ಮಸ್ ಹೊತ್ತಿಗೆ ನಲವತ್ತು ಶೀರ್ಷಿಕೆ ಆಗಿತ್ತು. ಒಬ್ಬ ಗೆಳೆಯ ಅದರಲ್ಲೊಂದರ ಬಗ್ಗೆ ಕೇಳಿದ, ನಾಯಕಿಯ ಹೆಸರೇ ಬಾಯಿಗೆ ಬರಲಿಲ್ಲ. ಆ ರಾತ್ರಿ ನಲವತ್ತನ್ನೂ ಕಾಗದದ ಮೇಲೆ ಬರೆದು ಒಂದೊಂದರ ಮುಂದೆ ನೆನಪಿದ್ದದ್ದನ್ನು ಬರೆಯಲು ಕುಳಿತೆ. ಇಪ್ಪತ್ತಾರರ ಮುಂದೆ ಏನೂ ಬರೆಯಲಾಗಲಿಲ್ಲ. ಎರಡು ವರ್ಷದ ಸಂಜೆಗಳು ಹಾಗೆ ಹೋದವು ಎಂಬ ಸಂಕಟ ಇನ್ನೂ ಇದೆ. ಚಂದಾ ರದ್ದು ಮಾಡಿದೆ. ಆಮೇಲೂ ಮೂರು ತಿಂಗಳು ಹಣ ಕಡಿತ ಆಗುತ್ತಲೇ ಇತ್ತು, ನಾಲ್ಕು ಮಿಂಚಂಚೆ ಬರೆಯಬೇಕಾಯಿತು. ಈ ವರ್ಷ ಓದಿದ್ದು ಒಂಬತ್ತೇ ಪುಸ್ತಕ. ಒಂಬತ್ತೂ ನೆನಪಿದೆ.

ಹಳೆ ಕನ್ನಡಕ
ಕಾಗದವೇ ಸರಿ ಅವರೇ, ಇದನ್ನು ಓದಿ ಸುಮ್ಮನಿರೋಕೆ ಆಗ್ತಿಲ್ಲ. ಎರಡು ವರ್ಷದ ಹಿಂದೆ ಡಿಸೆಂಬರ್ ಮೊದಲ ವಾರ ನನ್ನ ಬಲಗಣ್ಣಿನ ರೆಟಿನಾ ಕಳಚಿತು. ಮೊದಲು ಮಸಿ ಚೆಲ್ಲಿದಂಗೆ ಚುಕ್ಕಿಗಳು, ಆಮೇಲೆ ಮೂಲೆಯಿಂದ ಪರದೆ ಎಳೆದಂಗೆ ಕತ್ತಲು. ಅಕ್ಷರ ಓದಿ ಸುಸ್ತಾಗಿದೆ ಅಂದ್ಕೊಂಡು ನಾಲ್ಕು ದಿನ ತಡ ಮಾಡಿದೆ. ಯಾರೂ ಹಾಗೆ ಮಾಡಬೇಡಿ, ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಓಡಿ. ಆಪರೇಷನ್ ಆಗಿ ಕಣ್ಣೊಳಗೆ ಗ್ಯಾಸ್ ತುಂಬಿದ್ರು. ಹತ್ತು ದಿನ ಮುಖ ಕೆಳಗೆ ಮಾಡಿಕೊಂಡೇ ಇರಬೇಕು, ಊಟಕ್ಕೂ ತಲೆ ಎತ್ತೋ ಹಾಗಿಲ್ಲ. ಕಂಡಿದ್ದು ದಿಂಬಿನ ಸಂದಿಯ ನೆಲ, ಹತ್ತು ದಿನವೂ ಅದೇ ಒಂದು ಚಪ್ಪಡಿ, ಅದರ ಮೇಲಿನ ಒಂದು ಬಿರುಕು. ಆಗ ಪುಸ್ತಕ ಬಂದಿದ್ದು ಕಿವಿಯಿಂದ. ಆ ಹತ್ತು ದಿನ ಕೇಳಿದ್ದರ ಒಂದೊಂದು ಪಾತ್ರವೂ ಈಗಲೂ ಹೇಳ್ತೀನಿ. ನಿಮಗೆ ನೆನಪು ಉಳಿಯದಿದ್ದದ್ದು ನಿಮ್ಮ ಗಮನದ ತೊಂದರೆ. ಕೇಳೋ ನಮ್ಮನ್ನೆಲ್ಲ ಯಾಕೆ ಓದುಗರೇ ಅಲ್ಲ ಅಂತೀರಿ?

ಕಾಗದವೇ ಸರಿ
ನಿಮ್ಮ ಕಷ್ಟ ಗೊತ್ತಿರಲಿಲ್ಲ ಸರ್, ಆ ಮಾತು ನಿಮಗೆ ಹೇಳಿದ್ದಲ್ಲ. ಆದರೆ ಕಣ್ಣಿದ್ದೂ ಒಂದೂವರೆ ವೇಗದಲ್ಲಿ ಓಡಿಸುವವರ ಬಗ್ಗೆ ನನ್ನ ಮಾತು ಹಾಗೇ ಇದೆ.

ಒಂಟಿ ಕಿವಿ
ಅಂದ್ರೆ ನನಗೆ ಹೇಳಿದ್ದು. ದಿನಕ್ಕೆ ಎರಡು ಗಂಟೆ ಬಸ್ಸಲ್ಲಿ ನಿಂತುಕೊಂಡೇ ಹೋಗಿ ಬರ್ತೀನಿ. ಒಂದು ಕೈ ಕಂಬಿಗೆ, ಇನ್ನೊಂದು ಚೀಲಕ್ಕೆ. ಪುಟ ತಿರುವೋಕೆ ಮೂರನೇ ಕೈ ಎಲ್ಲಿಂದ ತರಲಿ? ಹೇಳಿ, ಕಾಯ್ತೀನಿ.

ಆಲ್ಟೊ ಸಾಲು
ಜಗಳ ಬಿಡಿ. ನಾನು ಡಿಸೆಂಬರ್‌ನಲ್ಲಿ ಓದೋದೇ ಇಲ್ಲ, ಹಾಡ್ತೀನಿ. ನಮ್ಮ ಗಾಯನ ತಂಡ ಹ್ಯಾಂಡೆಲ್‌ರ ‘ಮೆಸ್ಸಾಯ’ ಅನ್ನೋ, ಯೇಸುವಿನ ಮೇಲಿನ ದೊಡ್ಡ ಗಾಯನ ಕೃತಿಯ ಮೊದಲ ಭಾಗ ಮಾಡ್ತಿದೆ. ಹನ್ನೊಂದು ವಾರ, ಪ್ರತಿ ಮಂಗಳವಾರ ಎರಡೂವರೆ ಗಂಟೆ ಅಭ್ಯಾಸ. ಕಳೆದ ವರ್ಷ ಕಾರ್ಯಕ್ರಮಕ್ಕೆ ನಾಲ್ಕು ದಿನ ಇದ್ದಾಗ ಗಂಟಲು ಕಟ್ಟಿತು. ಮಾತಾಡಲಿಲ್ಲ, ಪಿಸುಗುಟ್ಟಲೂ ಇಲ್ಲ, ಮನೆಯವರಿಗೆ ಚೀಟಿ ಬರೆದುಕೊಟ್ಟೆ. ಆದ್ರೂ ವೇದಿಕೆ ಮೇಲೆ ಬರೀ ಬಾಯಿ ಆಡಿಸಿ ನಿಂತೆ, ಪಕ್ಕದವಳ ದನಿ ನನ್ನ ಭುಜಕ್ಕೆ ತಾಗ್ತಿತ್ತು. ಇಡೀ ವರ್ಷ ಅದೇ ನೋವು. ಕ್ರಿಸ್‌ಮಸ್ ಅಂದ್ರೆ ನನಗೆ ಅದೊಂದೇ ಸಂಗೀತ.

ನಿಶ್ಶಬ್ದ
ಅದು ಕ್ರಿಸ್‌ಮಸ್‌ಗೆಂದು ಹುಟ್ಟಿದ ಸಂಗೀತವಲ್ಲ ಮೇಡಂ. 1741ರಲ್ಲಿ ಇಪ್ಪತ್ತನಾಲ್ಕು ದಿನದಲ್ಲಿ ಬರೆದದ್ದು. ಮೊದಲು ಹಾಡಿದ್ದು ಡಬ್ಲಿನ್‌ನಲ್ಲಿ, 1742ರ ಏಪ್ರಿಲ್ 13ಕ್ಕೆ, ಅಂದರೆ ಈಸ್ಟರ್ ಕಾಲದಲ್ಲಿ. ಜನರಿಗೆಲ್ಲ ಗೊತ್ತಿರುವ ‘ಹಲ್ಲೆಲೂಯ’ ಬರುವುದು ಎರಡನೇ ಭಾಗದ ಕೊನೆಗೆ, ಜನನದ ಭಾಗದಲ್ಲಲ್ಲ. ಕ್ರಿಸ್‌ಮಸ್‌ಗೆಂದೇ ಬರೆದದ್ದು ಬೇಕಿದ್ದರೆ ಬಾಖ್‌ರ ‘ಕ್ರಿಸ್‌ಮಸ್ ಒರಟೋರಿಯೊ’ ಇದೆ. ಆರು ಭಾಗ, ಆರು ದಿನಕ್ಕೆ. 1734ರ ಡಿಸೆಂಬರ್ 25ರಿಂದ 1735ರ ಜನವರಿ 6ರ ನಡುವೆ ಹಾಡಿದ್ದು. ಗಮನಿಸಿ, ಶುರುವಾಗುವುದೇ 25ಕ್ಕೆ. ಆಗ ಲೈಪ್‌ಜಿಗ್‌ನ ಚರ್ಚುಗಳಲ್ಲಿ ಹಬ್ಬಕ್ಕೆ ಮುಂಚಿನ ನಾಲ್ಕು ಭಾನುವಾರಗಳಲ್ಲಿ ಮೊದಲನೆಯದಕ್ಕೆ ಮಾತ್ರ ಕ್ಯಾಂಟಾಟ, ಅಂದರೆ ವಾದ್ಯಗಳ ಜೊತೆ ಹಾಡುವ ಕೃತಿ, ಇರುತ್ತಿತ್ತು, ಉಳಿದ ಮೂರಕ್ಕೆ ಇಲ್ಲ.

ಅದನ್ನು ತಿಳಿದ ಮೇಲೆ ಹೋದ ವರ್ಷ ನಾನೂ ಹಾಗೇ ಮಾಡಿದೆ. ಮೂರು ವಾರ ಹಾಡಿಲ್ಲ, ಆಡಿಯೋ ಪುಸ್ತಕವಿಲ್ಲ, ಸುದ್ದಿಯಿಲ್ಲ. ಮೊದಲ ಐದು ದಿನ ತಲೆನೋವು. ಅಡುಗೆಮನೆಯ ಫ್ರಿಜ್ಜಿನ ಗುಂಯ್ ಎಂಬ ಸದ್ದು ಸಹಿಸಲಾಗಲಿಲ್ಲ, ಅದು ಎಷ್ಟು ಹೊತ್ತಿಗೊಮ್ಮೆ ನಿಂತು ಮತ್ತೆ ಶುರುವಾಗುತ್ತದೆ ಎಂದು ಗಡಿಯಾರ ನೋಡುತ್ತಾ ಕೂತಿದ್ದೆ. ಎರಡನೇ ವಾರ ಹೆಂಡತಿಗೆ ಬೇಸರವಾಯಿತು, ಮನೆ ಸೂತಕದ ಮನೆಯಂತಿದೆ ಎಂದಳು, ಎರಡು ದಿನ ಮಾತು ಬಿಟ್ಟಳು. 25ರ ಬೆಳಗ್ಗೆ ಮೊದಲ ಭಾಗ ಹಾಕಿದೆ. ತಮಟೆಯಂಥ ಆ ಟಿಂಪನಿಯ ಐದು ಪೆಟ್ಟು ಬಿದ್ದ ಕೂಡಲೇ ಅವಳೇ ಒಳಗಿಂದ ಬಂದು ಪಕ್ಕ ಕೂತಳು.

ಆಲ್ಟೊ ಸಾಲು
ಇಸವಿ ನನಗೂ ಗೊತ್ತು ಸರ್. ಹನ್ನೊಂದು ಮಂಗಳವಾರ ನಿಂತು ಕಲಿತಿದ್ದೀನಿ. ಮೊದಲ ಭಾಗ ಇರೋದೇ ಪ್ರವಾದನೆ ಮತ್ತು ಜನನದ ಮೇಲೆ. ಅದನ್ನ ಡಿಸೆಂಬರ್‌ನಲ್ಲಿ ಹಾಡದೆ ಮತ್ಯಾವಾಗ ಹಾಡ್ಬೇಕು? ಮನೆಯವರ ಮಾತು ಎರಡು ದಿನ ನಿಲ್ಲಿಸಿದ ನಿಶ್ಶಬ್ದ ನನಗೆ ಬೇಡ.

ನಿಶ್ಶಬ್ದ
ನನ್ನ ಮನೆಯ ವಿಷಯ ನಾನು ನಂಬಿ ಹೇಳಿದ್ದು. ಅದನ್ನೇ ಎತ್ತಿ ಹೊಡೆಯಬೇಡಿ.

ಮಡಿಸಿದ ಪುಟ (ಡಿಸೆಂಬರ್ 11)
ಎಲ್ಲರೂ ಇಷ್ಟು ಬರೆದಿರಿ, ಒಂದೂ ಬಿಡದೆ ಓದಿದೆ. ಹಳೆ ಕನ್ನಡಕದ ಸರ್, ನಿಮ್ಮದು ಓದಿ ನಿನ್ನೆ ಕಣ್ಣು ಎಳೆದಾಗ ಜಗ್ಗಾಡದೆ ದೀಪ ಆರಿಸಿದೆ. ಬೆಳಗ್ಗೆ ಮಗು ಏಳೋಕೆ ಮುಂಚೆ ಇಪ್ಪತ್ತು ನಿಮಿಷ ಸಿಕ್ತು, ಒಂದೇ ಸಲಕ್ಕೆ ಹನ್ನೊಂದು ಪುಟ. 223. ಒಂದೇ ಪ್ರಶ್ನೆ ಉಳೀತು. ಈ ಮೂರು ವಾರದಲ್ಲಿ ಮುಗಿಯೋದಿಲ್ಲ ಅನ್ನೋದು ಲೆಕ್ಕಕ್ಕೇ ಗೊತ್ತಾಗ್ತಿದೆ. ಮುಗಿಸದೆ ಹೊಸ ವರ್ಷಕ್ಕೆ ಒಯ್ದವರು ಯಾರಾದ್ರೂ ಇದ್ದೀರಾ?

ಕಾಗದವೇ ಸರಿ
ಮೂರನೇ ಕೈ ಪ್ರಶ್ನೆಗೆ: ಬಸ್ಸಿನಲ್ಲಿ ಸುಮ್ಮನೆ ಕಿಟಕಿ ಆಚೆ ನೋಡಿ. ಪ್ರತಿ ನಿಮಿಷವನ್ನೂ ತುಂಬಲೇಬೇಕೇ?

ಒಂಟಿ ಕಿವಿ
ನಿಂತವರಿಗೆ ಕಿಟಕಿ ಕಾಣಲ್ಲ, ಮುಂದಿನವರ ಬೆನ್ನು ಕಾಣುತ್ತೆ. ಒಂದು ದಿನ ಬನ್ನಿ.

ದಿನಕ್ಕೊಂದು ಅಧ್ಯಾಯ
311. ನಿನ್ನೆ ಎರಡೇ ಆಯ್ತು, ಕರೆಂಟ್ ಹೋಗಿತ್ತು. ಇನ್ನು ಐವತ್ತು. ಮೇಡಂ, ಹೊಸ ವರ್ಷಕ್ಕೆ ಒಯ್ಯೋ ಮಾತು ನನ್ನ ಹತ್ರ ಕೇಳಬೇಡಿ. 24ರ ರಾತ್ರಿ ಬಂದು ಹೇಳ್ತೀನಿ.