ಟೆಲಿವರ್ಕ್ ಕುರಿತ ಅಂತರರಾಷ್ಟ್ರೀಯ ಆನ್‌ಲೈನ್ ಸಮ್ಮೇಳನ: ತಯಾರಿ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಸಾರ್ವಜನಿಕ ಆಡಳಿತ ಮತ್ತು ಕಾರ್ಮಿಕ ಕಾನೂನನ್ನು ಬೋಧಿಸುವ ಐವರು ಅಧ್ಯಾಪಕರು. ‘ಟೆಲಿವರ್ಕ್ (ಕಚೇರಿಯಿಂದ ದೂರವಿದ್ದು ಮಾಡುವ ಕೆಲಸ) ಮತ್ತು ಸಾರ್ವಜನಿಕ ನೀತಿ’ ಎಂಬ ವಿಷಯದ ಮೇಲೆ ಮೂರು ದಿನಗಳ ಅಂತರರಾಷ್ಟ್ರೀಯ ಸಮ್ಮೇಳನವನ್ನು ಸಂಪೂರ್ಣವಾಗಿ ಆನ್‌ಲೈನ್‌ನಲ್ಲಿ ನಡೆಸಲು ಬಯಸಿದ್ದೇವೆ. ದಿನಕ್ಕೆ ಎಂಟು ಗಂಟೆಗಳ ಕಾರ್ಯಕ್ರಮ ಮತ್ತು ಒಟ್ಟು ನಲವತ್ತು ಪ್ರಬಂಧಗಳ ಮಂಡನೆ ನಮ್ಮ ಯೋಜನೆಯಲ್ಲಿದೆ. ಯಾವ ವಿಡಿಯೊ ತಂತ್ರಾಂಶವನ್ನು ಆರಿಸಿಕೊಳ್ಳಬೇಕು, ಎಷ್ಟು ತಿಂಗಳು ಮುಂಚಿತವಾಗಿ ಕೆಲಸ ಆರಂಭಿಸಬೇಕು ಎಂಬುದನ್ನು ದಯವಿಟ್ಟು ತಿಳಿಸಿ.

ಉತ್ತರ: ನಮಸ್ಕಾರ. ತಂತ್ರಾಂಶದ ಆಯ್ಕೆಯನ್ನು ಕೊನೆಗೆ ಇಟ್ಟುಕೊಳ್ಳಿ. ಭಾಗವಹಿಸುವವರ ದೇಶಗಳಲ್ಲಿ ಅದು ನಿರ್ಬಂಧವಿಲ್ಲದೆ ತೆರೆದುಕೊಳ್ಳುತ್ತದೆಯೇ, ಇಂಟರ್ನೆಟ್ ದುರ್ಬಲವಾದಾಗ ದೂರವಾಣಿ ಕರೆಯ ಮೂಲಕವಾದರೂ ಸೇರಬಹುದೇ ಎಂಬ ಎರಡು ಅಂಶಗಳನ್ನು ಪರೀಕ್ಷಿಸಿದರೆ ಸಾಕು. ತಯಾರಿಗೆ ಒಂಬತ್ತು ತಿಂಗಳಿಗಿಂತ ಕಡಿಮೆ ಸಮಯ ಇಟ್ಟುಕೊಳ್ಳಬೇಡಿ.

ಮೊದಲು ನಿರ್ಧಾರವಾಗಬೇಕಾದದ್ದು, ನೀವು ಟೆಲಿವರ್ಕ್ ಎಂದು ಯಾವುದನ್ನು ಕರೆಯುತ್ತೀರಿ ಎಂಬುದು. ಐರೋಪ್ಯ ಒಕ್ಕೂಟದ ಸಂಶೋಧನಾ ಸಂಸ್ಥೆಯಾದ ಯುರೋಫೌಂಡ್ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2017ರಲ್ಲಿ ಹೊರತಂದ ಜಂಟಿ ವರದಿಯು ಉದ್ಯೋಗದಾತರ ಆವರಣದ ಹೊರಗೆ ಮಾಹಿತಿ ತಂತ್ರಜ್ಞಾನದ ನೆರವಿನಿಂದ ಮಾಡುವ ಕೆಲಸವನ್ನು ಈ ಹೆಸರಿನಿಂದ ಗುರುತಿಸುತ್ತದೆ. ಆದರೆ ಅದೇ ಕಾರ್ಮಿಕ ಸಂಸ್ಥೆಯ 1996ರ 177ನೆಯ ಒಡಂಬಡಿಕೆ ಹೇಳುವ ‘ಮನೆ ಆಧಾರಿತ ದುಡಿಮೆ’ ಬೇರೆಯದು: ಮನೆಯಲ್ಲಿ ಕುಳಿತು ಹೊಲಿಗೆ ಹಾಕುವವರೂ ಅದರಲ್ಲಿ ಸೇರುತ್ತಾರೆ, ಎಂದೋ ಒಮ್ಮೆ ಮನೆಯಿಂದ ಕೆಲಸ ಮಾಡುವ ಕಚೇರಿ ನೌಕರರು ಸೇರುವುದಿಲ್ಲ. ಸ್ಪೇನಿನ 2021ರ ಕಾನೂನಿನ ಪ್ರಕಾರ ಮೂರು ತಿಂಗಳ ಅವಧಿಯಲ್ಲಿ ಕೆಲಸದ ಸಮಯದ ಕನಿಷ್ಠ ಶೇ. 30ರಷ್ಟನ್ನು ದೂರದಿಂದ ಮಾಡಿದರೆ ಮಾತ್ರ ಅದು ನಿಯಮಿತ ದೂರಸ್ಥ ಕೆಲಸ. ವಾರಕ್ಕೆ ಐದು ದಿನ ದುಡಿಯುವ ನೌಕರರು ಒಂದೇ ದಿನ ಮನೆಯಿಂದ ಕೆಲಸ ಮಾಡಿದರೆ ಅವರು ಈ ಮಿತಿಯೊಳಗೆ ಬರುವುದೇ ಇಲ್ಲ. ಪ್ರಬಂಧಗಳಿಗೆ ಆಹ್ವಾನ ನೀಡುವಾಗಲೇ ಈ ವ್ಯಾಖ್ಯೆಯನ್ನು ಸ್ಪಷ್ಟಪಡಿಸದಿದ್ದರೆ, ಒಂದೇ ಗೋಷ್ಠಿಯಲ್ಲಿ ನಾಲ್ವರು ನಾಲ್ಕು ಬೇರೆ ವಿಷಯಗಳ ಬಗ್ಗೆ ಒಂದೇ ಪದದಲ್ಲಿ ಮಾತನಾಡುತ್ತಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇನ್ನು ದಿನಕ್ಕೆ ಎಂಟು ಗಂಟೆ ಎಂಬ ನಿಮ್ಮ ಯೋಜನೆಯನ್ನು ದಯವಿಟ್ಟು ಕೈಬಿಡಿ. ನೇರಪ್ರಸಾರದ ಸಮಯ ಆನ್‌ಲೈನ್ ಸಮ್ಮೇಳನದಲ್ಲಿ ಅತ್ಯಂತ ದುರ್ಲಭವಾದ ವಸ್ತು. ಎರಡೂ ಕಡೆಯವರು ಏಕಕಾಲದಲ್ಲಿ ಇರಲೇಬೇಕಾದ ಕೆಲಸಕ್ಕೆ ಮಾತ್ರ ಅದನ್ನು ಬಳಸಬೇಕು. ಪ್ರಬಂಧ ಮಂಡನೆಗೆ ಅದು ಬೇಕಾಗಿಲ್ಲ. ಹನ್ನೆರಡು ನಿಮಿಷದ ಧ್ವನಿಮುದ್ರಿತ ಮಂಡನೆಯನ್ನು ಎರಡು ವಾರ ಮೊದಲೇ ತರಿಸಿಕೊಂಡು, ನೋಂದಾಯಿಸಿದವರೆಲ್ಲರಿಗೂ ತೆರೆದಿಡಿ. ನೇರ ಗೋಷ್ಠಿಯನ್ನು ಪ್ರಶ್ನೆ ಮತ್ತು ಚರ್ಚೆಗೆ ಮೀಸಲಿಡಿ. ಆಗ ದಿನಕ್ಕೆ ಮೂರು ಅಥವಾ ಮೂರೂವರೆ ಗಂಟೆಗಳಲ್ಲಿ ಎಲ್ಲವೂ ಮುಗಿಯುತ್ತದೆ. ಟೆಲಿವರ್ಕ್ ಮಾಡುವವರ ವಿಶ್ರಾಂತಿಯ ಹಕ್ಕನ್ನು ಚರ್ಚಿಸುವ ಸಮ್ಮೇಳನವು ತನ್ನ ಪ್ರತಿನಿಧಿಗಳನ್ನು ಎಂಟು ಗಂಟೆ ಪರದೆಯ ಮುಂದೆ ಕೂರಿಸುವುದು ನನಗೆ ಸರಿಯೆನಿಸುವುದಿಲ್ಲ.

ಮರುಪ್ರಶ್ನೆ: ವಂದನೆಗಳು ಮೇಡಂ. ಮೂರೂವರೆ ಗಂಟೆಗೆ ಇಳಿಸಿದರೂ ಅದನ್ನು ಯಾವ ಹೊತ್ತಿಗೆ ಇಡಬೇಕು ಎಂಬುದು ಬಗೆಹರಿಯುತ್ತಿಲ್ಲ. ಮಂಡಿಸುವವರು ಅಮೆರಿಕ, ಯುರೋಪ್, ಆಫ್ರಿಕ, ಜಪಾನ್ ಮತ್ತು ಆಸ್ಟ್ರೇಲಿಯಗಳಿಂದ ಬರುವ ನಿರೀಕ್ಷೆಯಿದೆ. ಸಮ್ಮೇಳನವನ್ನು ಅಕ್ಟೋಬರ್ ಕೊನೆಯ ವಾರದಲ್ಲಿ ಇಡಬಹುದೇ?

ಉತ್ತರ: ಎಲ್ಲರಿಗೂ ಅನುಕೂಲವಾದ ಹೊತ್ತು ಭೂಮಿಯ ಮೇಲೆ ಇಲ್ಲ. ಜೂನ್ ತಿಂಗಳನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಯುಟಿಸಿ ಎಂದು ಕರೆಯುವ ಸಾರ್ವತ್ರಿಕ ಸಮಯ 13:00 ಆದಾಗ ನ್ಯೂಯಾರ್ಕ್‌ನಲ್ಲಿ ಬೆಳಿಗ್ಗೆ ಒಂಬತ್ತು, ಪ್ಯಾರಿಸ್‌ನಲ್ಲಿ ಮಧ್ಯಾಹ್ನ ಮೂರು, ನೈರೋಬಿಯಲ್ಲಿ ಸಂಜೆ ನಾಲ್ಕು. ಆದರೆ ಟೋಕಿಯೊದಲ್ಲಿ ರಾತ್ರಿ ಹತ್ತು, ಸಿಡ್ನಿಯಲ್ಲಿ ಹನ್ನೊಂದು. ಯುಟಿಸಿ 06:00ಕ್ಕೆ ಇಟ್ಟರೆ ಟೋಕಿಯೊ ಮತ್ತು ಸಿಡ್ನಿಯವರಿಗೆ ಮಧ್ಯಾಹ್ನ, ನೈರೋಬಿಯವರಿಗೆ ಬೆಳಿಗ್ಗೆ ಒಂಬತ್ತು, ಪ್ಯಾರಿಸ್‌ನವರಿಗೆ ಎಂಟು. ನ್ಯೂಯಾರ್ಕ್‌ನವರಿಗೆ ಮಾತ್ರ ನಡುರಾತ್ರಿ ಎರಡು. ಆದ್ದರಿಂದ ಪ್ರತಿದಿನ ಎರಡು ಅವಧಿಗಳನ್ನಿಟ್ಟು, ಪ್ರತಿ ಗೋಷ್ಠಿಯನ್ನೂ ಅದರ ವಕ್ತಾರರಿಗೆ ಹಗಲಿರುವ ಅವಧಿಯಲ್ಲಿ ಸೇರಿಸಿ. ಒಬ್ಬರೇ ಸಂಘಟಕರು ಎರಡೂ ಅವಧಿಗಳನ್ನು ನಿರ್ವಹಿಸುವಂತಾಗಬಾರದು. ಐವರಿದ್ದೀರಿ, ಸರದಿ ಮಾಡಿಕೊಳ್ಳಿ.

ಅಕ್ಟೋಬರ್ ಕೊನೆಯ ವಾರ ಬೇಡ. ಯುರೋಪಿನಲ್ಲಿ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಿಡುತ್ತಾರೆ, ಅಮೆರಿಕದ ಬಹುಭಾಗದಲ್ಲಿ ನವೆಂಬರ್‌ನ ಮೊದಲ ಭಾನುವಾರ. ಈ ನಡುವಿನ ದಿನಗಳಲ್ಲಿ ಎರಡರ ನಡುವಿನ ಅಂತರ ಎಂದಿನಂತಿರುವುದಿಲ್ಲ. ನಾನು ನಿರ್ವಹಿಸಿದ ಒಂದು ಸಮ್ಮೇಳನದಲ್ಲಿ ಇದೇ ಕಾರಣದಿಂದ ಮುಖ್ಯ ಭಾಷಣಕಾರರು ಒಂದು ಗಂಟೆ ತಡವಾಗಿ ಬಂದರು. ತಪ್ಪು ಅವರದಲ್ಲ, ಆಹ್ವಾನ ಪತ್ರದಲ್ಲಿ ಯುಟಿಸಿಯನ್ನು ನಮೂದಿಸದ ನನ್ನದು.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ನಾನು ಇಂತಹುದೇ ಒಂದು ಕಾರ್ಯಕ್ರಮದ ಸಂಚಾಲಕ. ಸರ್ಕಾರಿ ಅಧಿಕಾರಿಗಳು ಬರಲು ಒಪ್ಪುತ್ತಾರೆ, ಆದರೆ ಧ್ವನಿಮುದ್ರಣ ಎಂದ ಕೂಡಲೇ ಹಿಂದೆ ಸರಿಯುತ್ತಾರೆ. ಅವರಿಲ್ಲದೆ ನೀತಿಯ ಚರ್ಚೆಗೆ ಅರ್ಥವೇನು?

ಉತ್ತರ: ಸರ್, ಅವರ ಹಿಂಜರಿಕೆಯನ್ನು ಗೌರವಿಸಿ. ಸಾರ್ವಜನಿಕ ಗೋಷ್ಠಿಗಳ ಜೊತೆಗೆ ಧ್ವನಿಮುದ್ರಣವಿಲ್ಲದ ಒಂದು ಗೋಷ್ಠಿಯನ್ನು ಚಾಟಮ್ ಹೌಸ್ ನಿಯಮದ ಅಡಿಯಲ್ಲಿ ನಡೆಸಿ. 1927ರಲ್ಲಿ ಮೊದಲು ರೂಪಿಸಿದ ಆ ನಿಯಮದಂತೆ ಅಲ್ಲಿ ಕೇಳಿದ ಮಾಹಿತಿಯನ್ನು ಯಾರಾದರೂ ಬಳಸಬಹುದು. ಹೇಳಿದವರು ಯಾರು, ಯಾವ ಕಚೇರಿಯವರು, ಸಭೆಯಲ್ಲಿ ಬೇರೆ ಯಾರಿದ್ದರು ಎಂಬುದನ್ನು ಮಾತ್ರ ಬಹಿರಂಗಪಡಿಸುವಂತಿಲ್ಲ.

ಆ ಗೋಷ್ಠಿಯಲ್ಲಿ ಅವರಿಗೆ ಭಾಷಣಕ್ಕೆ ಅವಕಾಶ ಕೊಡುವ ಬದಲು, ಎಲ್ಲ ದೇಶದವರಿಗೂ ಒಂದೇ ಪ್ರಶ್ನೆಗಳನ್ನು ಮುಂಚಿತವಾಗಿ ಕಳುಹಿಸಿ: ಟೆಲಿವರ್ಕ್ ಬೇಕೇ ಬೇಡವೇ ಎಂದು ಯಾರು ನಿರ್ಧರಿಸುತ್ತಾರೆ, ವಿದ್ಯುತ್ ಮತ್ತು ಇಂಟರ್ನೆಟ್‌ನ ಹೆಚ್ಚುವರಿ ವೆಚ್ಚ ಯಾರದು, ಕೆಲಸದ ಅವಧಿಯ ನಂತರ ನೌಕರರನ್ನು ಸಂಪರ್ಕಿಸಬಹುದೇ, ಮನೆಯಲ್ಲಿ ಗಾಯವಾದರೆ ಹೊಣೆ ಯಾರದು? ಉತ್ತರಗಳು ಎಷ್ಟು ಭಿನ್ನವಾಗಿರುತ್ತವೆ ಎಂಬುದಕ್ಕೆ ಈಗಿರುವ ಕಾನೂನುಗಳೇ ಸಾಕ್ಷಿ. ಪೋರ್ಚುಗಲ್ 2021ರ ಕಾನೂನಿನಲ್ಲಿ ವಿಶ್ರಾಂತಿಯ ಹೊತ್ತಿನಲ್ಲಿ ಸಂಪರ್ಕಿಸದಿರುವುದನ್ನು ಉದ್ಯೋಗದಾತರ ಕರ್ತವ್ಯವನ್ನಾಗಿ ಮಾಡಿತು. ಅಮೆರಿಕದ 2010ರ ಟೆಲಿವರ್ಕ್ ಕಾಯ್ದೆಯು ಸರ್ಕಾರವನ್ನೇ ಉದ್ಯೋಗದಾತನ ಸ್ಥಾನದಲ್ಲಿಟ್ಟು, ಪ್ರತಿ ಫೆಡರಲ್ ಇಲಾಖೆಯೂ ತನ್ನದೇ ನೀತಿ ರೂಪಿಸಬೇಕು, ಅದಕ್ಕೊಬ್ಬ ಅಧಿಕಾರಿ ಇರಬೇಕು, ನೌಕರರೊಂದಿಗೆ ಲಿಖಿತ ಒಪ್ಪಂದವಾಗಬೇಕು ಎಂದಿತು. ನೆದರ್ಲೆಂಡ್ಸ್‌ನಲ್ಲಿ ಕೆಲಸದ ಸ್ಥಳವನ್ನು ಆರಿಸಿಕೊಳ್ಳುವ ನೌಕರರ ಹಕ್ಕನ್ನು ಬಲಪಡಿಸುವ ಮಸೂದೆಯನ್ನು 2023ರಲ್ಲಿ ಮೇಲ್ಮನೆ ತಿರಸ್ಕರಿಸಿತು; ತಿರಸ್ಕೃತವಾದ ಮಸೂದೆಯ ಚರ್ಚೆಯಿಂದ ಕಲಿಯುವುದು ಅಂಗೀಕೃತವಾದ ಕಾನೂನಿನಿಂದ ಕಲಿಯುವುದಕ್ಕಿಂತ ಹೆಚ್ಚು ಎಂದು ನನ್ನ ಅಭಿಪ್ರಾಯ. ಗಡಿಯಾಚೆಯ ಟೆಲಿವರ್ಕ್‌ಗೆ ಒಂದು ಗೋಷ್ಠಿ ಪ್ರತ್ಯೇಕವಾಗಿಯೇ ಬೇಕು. ಯುರೋಪಿನಲ್ಲಿ 2023ರ ಜುಲೈ 1ರಿಂದ ಜಾರಿಯಲ್ಲಿರುವ ಚೌಕಟ್ಟು ಒಪ್ಪಂದದ ಪ್ರಕಾರ, ಸಹಿ ಹಾಕಿದ ದೇಶಗಳ ನಡುವೆ, ವಾಸದ ದೇಶದಿಂದ ಮಾಡುವ ಟೆಲಿವರ್ಕ್ ಒಟ್ಟು ಕೆಲಸದ ಸಮಯದ ಶೇ. 50ಕ್ಕಿಂತ ಕಡಿಮೆಯಿದ್ದರೆ ಉದ್ಯೋಗದಾತರ ದೇಶದ ಸಾಮಾಜಿಕ ಭದ್ರತೆಯೇ ಮುಂದುವರಿಯಬಹುದು. ತೆರಿಗೆಯ ಪ್ರಶ್ನೆ ಇದರ ವ್ಯಾಪ್ತಿಗೆ ಬರುವುದಿಲ್ಲ, ಆದ್ದರಿಂದ ತೆರಿಗೆ ತಜ್ಞರೊಬ್ಬರನ್ನೂ ಕರೆಯಿರಿ.

ಮರುಪ್ರಶ್ನೆ: ಕೊನೆಯದಾಗಿ ಭಾಷೆ ಮತ್ತು ಶುಲ್ಕದ ವಿಚಾರ, ಮೇಡಂ. ಸ್ಪ್ಯಾನಿಷ್ ಮತ್ತು ಫ್ರೆಂಚ್ ಅನುವಾದಕ್ಕೆ ತಲಾ ಒಬ್ಬರನ್ನು ಗೊತ್ತುಮಾಡಿದರೆ ಸಾಲದೇ?

ಉತ್ತರ: ಸಾಲದು. ಏಕಕಾಲದ ಭಾಷಾಂತರ ಮಾಡುವವರು ಜೋಡಿಯಾಗಿ ಕೂತು ಸುಮಾರು ಅರ್ಧ ಗಂಟೆಗೊಮ್ಮೆ ಬದಲಾಗುತ್ತಾರೆ. ದೂರದಿಂದ ಮಾಡುವಾಗ ಆಯಾಸ ಇನ್ನೂ ಹೆಚ್ಚು. ಹಣ ಸಾಲದಿದ್ದರೆ ಎರಡು ಭಾಷೆಗಳ ಬದಲು ಒಂದಕ್ಕೆ ಇಬ್ಬರನ್ನು ನೇಮಿಸಿ, ಉಳಿದದ್ದಕ್ಕೆ ಧ್ವನಿಮುದ್ರಿತ ಮಂಡನೆಗಳ ಮೇಲೆ ಪರಿಶೀಲಿಸಿದ ಉಪಶೀರ್ಷಿಕೆ ಹಾಕಿಸಿ. ಯಂತ್ರ ತಾನಾಗಿ ಬರೆದ ಉಪಶೀರ್ಷಿಕೆ ಕಾನೂನುಗಳ ಹೆಸರುಗಳನ್ನೇ ಕೆಡಿಸುತ್ತದೆ, ಹಾಗೆಯೇ ಬಿಡಬೇಡಿ. ವಕ್ತಾರರು ಸ್ಲೈಡ್‌ಗಳನ್ನು ಒಂದು ವಾರ ಮೊದಲು ಭಾಷಾಂತರಕಾರರಿಗೆ ತಲುಪಿಸಲಿ, ತಂತಿಯಿರುವ ಹೆಡ್‌ಸೆಟ್ ಬಳಸಲಿ.

ಶುಲ್ಕವನ್ನು ವಿಶ್ವಬ್ಯಾಂಕ್ ದೇಶಗಳನ್ನು ವಿಂಗಡಿಸುವ ನಾಲ್ಕು ಆದಾಯ ವರ್ಗಗಳ ಆಧಾರದ ಮೇಲೆ ಹಂತಹಂತವಾಗಿ ನಿಗದಿಪಡಿಸಿ, ಕೆಳಗಿನ ವರ್ಗಕ್ಕೆ ಪೂರ್ತಿ ವಿನಾಯಿತಿ ಕೊಡಿ. ಪ್ರಬಂಧಗಳು ಸಂಶೋಧನಾ ಪ್ರಕಟಣೆಗಳ ಇಂತಿಂಥ ಸೂಚಿಯಲ್ಲಿ (ಇಂಡೆಕ್ಸ್) ಸೇರುತ್ತವೆ ಎಂಬ ಭರವಸೆಯನ್ನು ಆಹ್ವಾನದಲ್ಲಿ ಬರೆಯಬೇಡಿ; ಆ ನಿರ್ಧಾರ ನಿಮ್ಮ ಕೈಯಲ್ಲಿಲ್ಲ. ಮೊದಲ ಕರಡು ಆಹ್ವಾನ ಸಿದ್ಧವಾದಾಗ ಇಲ್ಲಿಯೇ ಹಾಕಿ, ವ್ಯಾಖ್ಯೆಯ ಭಾಗವನ್ನು ನಾನು ನೋಡಿಕೊಡುತ್ತೇನೆ.